ಹಿಮ ಇದ್ದರಷ್ಟೇ ಸಾಲದು

(ಚಿಕ್ಕಮಗಳೂರಿನ ಓದುಗರ ಬಳಗವೊಂದರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಳ್ಳಯ್ಯನಗಿರಿಯ ಬುಡದಲ್ಲಿ ಕೂತು ಸ್ನೋಬೋರ್ಡ್ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ನಮ್ಮ ಜಿಲ್ಲೆಯಲ್ಲಿ ನಾಲ್ಕು ಆಲಿಕಲ್ಲು ಬಿದ್ದರೆ ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆದರೆ ಕಾಫಿ ಕೊಯ್ಲು ಮುಗಿಸಿ, ಗಿಡಕ್ಕೆ ಹೂ ತರುವ ಹೂಮಳೆ ಯಾವಾಗ ಬರುತ್ತದೋ ಎಂದು ಆಕಾಶ ನೋಡುವ ಫೆಬ್ರುವರಿಯಲ್ಲೇ ಚಳಿಗಾಲದ ಒಲಿಂಪಿಕ್ಸ್ ಬರುವುದರಿಂದ, ನಮ್ಮ ಹುಡುಗರ ಮೊಬೈಲಿನಲ್ಲಿ ಆ ದಿನಗಳಲ್ಲಿ ಹಿಮದ ವಿಡಿಯೊಗಳೇ. ಹಲಗೆಯೊಂದಕ್ಕೆ ಕಾಲು ಕಟ್ಟಿಕೊಂಡು ಗಾಳಿಯಲ್ಲಿ ನಾಲ್ಕೈದು ಸುತ್ತು ತಿರುಗಿ ನಿಲ್ಲುವ ಹುಡುಗ ಹುಡುಗಿಯರು. ಅದನ್ನು ನೋಡಿದವರಿಗೆ ಜಗತ್ತೆಲ್ಲ ಈ ಆಟ ಆಡುತ್ತಿದೆ, ನಾವೊಬ್ಬರೇ ಹಿಂದೆ ಬಿದ್ದಿದ್ದೇವೆ ಅನ್ನಿಸುತ್ತದೆ. ಇದು ನಿಜಕ್ಕೂ ಎಷ್ಟು ದೊಡ್ಡ ಆಟ ಎಂದು ನೋಡೋಣ.

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಸ್ನೋಬೋರ್ಡ್ ಒಲಿಂಪಿಕ್ಸ್‌ಗೆ ಬಂದದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಆಗ ಇದ್ದದ್ದು ನಾಲ್ಕು ಚಿನ್ನ. 2022ರ ಬೀಜಿಂಗ್ ಹೊತ್ತಿಗೆ ಹನ್ನೊಂದಾಯಿತು. 2026ರ ಇಟಲಿ ಕೂಟಕ್ಕೂ ಅಷ್ಟೇ ಇಟ್ಟರು. ಒಂದು ತಲೆಮಾರು ಕಳೆಯುವುದರೊಳಗೆ ಹೆಚ್ಚುಕಡಿಮೆ ಮೂರು ಪಟ್ಟು. ಬೆಳವಣಿಗೆ ಇದೆ, ಅನುಮಾನವಿಲ್ಲ. ಈಗ ಇನ್ನೊಂದು ಬದಿಯಿಂದ ನೋಡಿ. ನಾಗಾನೊದಿಂದ ಬೀಜಿಂಗ್‌ವರೆಗೆ ಏಳು ಕೂಟಗಳಲ್ಲಿ ಸ್ನೋಬೋರ್ಡಿಗೆ ಇದ್ದ ಚಿನ್ನ ಒಟ್ಟು 51. ಅದರಲ್ಲಿ 17 ಅಮೆರಿಕಕ್ಕೆ, 8 ಸ್ವಿಟ್ಜರ್ಲೆಂಡಿಗೆ. ಅರ್ಧಕ್ಕರ್ಧ ಚಿನ್ನ ಎರಡೇ ದೇಶಗಳ ಪೆಟ್ಟಿಗೆಯಲ್ಲಿ. ಬೀಜಿಂಗ್ ಕೂಟಕ್ಕೆ ಬಂದದ್ದೇ 91 ದೇಶಗಳು. ಬೇಸಿಗೆ ಒಲಿಂಪಿಕ್ಸ್‌ಗೆ ಬರುವವು ಇನ್ನೂರಕ್ಕೂ ಹೆಚ್ಚು. ಆ 91ರಲ್ಲೂ ಸ್ನೋಬೋರ್ಡ್ ಹಿಡಿದು ಇಳಿದವು ಮೂವತ್ತರ ಆಸುಪಾಸು. ನೋಡುವವರು ಕೋಟಿಗಟ್ಟಲೆ, ಪದಕದ ಹತ್ತಿರ ಹೋಗುವವರು ಬೆರಳೆಣಿಕೆಯ ದೇಶಗಳವರು. ಇದು ಹೀಗೇಕಾಯಿತು ಎಂಬುದೇ ಇವತ್ತಿನ ನನ್ನ ಮಾತು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸ್ಕೀಯಲ್ಲಿ ಕಾಲಿಗೊಂದು ಪಟ್ಟಿ, ಕೈಯಲ್ಲಿ ಎರಡು ಕೋಲು, ಮುಖ ಮುಂದಕ್ಕೆ. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ, ಕೋಲಿಲ್ಲ, ಮೈ ಅಡ್ಡಕ್ಕೆ. ಎಡಗಾಲು ಮುಂದಿಟ್ಟರೆ ರೆಗ್ಯುಲರ್, ಬಲಗಾಲು ಮುಂದಿಟ್ಟರೆ ಗೂಫಿ. ಸ್ಪರ್ಧೆಗಳಲ್ಲಿ ಎರಡು ಜಾತಿ. ಯಾರು ಮೊದಲು ಕೆಳಗೆ ಮುಟ್ಟಿದರು ಅನ್ನುವ ಪ್ಯಾರಲಲ್ ಜೈಂಟ್ ಸ್ಲಾಲಂ (ಇಬ್ಬರು ಅಕ್ಕಪಕ್ಕದಲ್ಲಿ ಕಂಬ ಸುತ್ತಿ ಇಳಿಯುವುದು), ಸ್ನೋಬೋರ್ಡ್ ಕ್ರಾಸ್ (ಹಲವರು ಒಟ್ಟಿಗೆ ಇಳಿಯುವುದು) ಒಂದು ಕಡೆ. ಏನು ಕಸರತ್ತು ಮಾಡಿದರು ಎಂದು ಅಂಪೈರುಗಳು ಅಂಕ ಹಾಕುವ ಹಾಫ್‌ಪೈಪ್, ಸ್ಲೋಪ್‌ಸ್ಟೈಲ್ (ಕಂಬಿ, ದಿಬ್ಬಗಳ ದಾರಿ), ಬಿಗ್ ಏರ್ (ಒಂದೇ ದೊಡ್ಡ ಹಾರಾಟ) ಇನ್ನೊಂದು ಕಡೆ. ವಿಡಿಯೊಗಳಲ್ಲಿ ನೀವು ನೋಡುವುದು ಬಹುಪಾಲು ಈ ಎರಡನೆಯದು.

ಈ ಆಟ ಹುಟ್ಟಿದ್ದು ಯಾವ ಸಂಸ್ಥೆಯಲ್ಲೂ ಅಲ್ಲ, ಒಂದು ಮನೆಯಂಗಳದಲ್ಲಿ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪಾಪನ್ ಎಂಬಾತ ಎರಡು ಸ್ಕೀಗಳನ್ನು ಜೋಡಿಸಿ ಮಕ್ಕಳಿಗೆ ಕೊಟ್ಟ. ಹೆಂಡತಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟಳು. ಹಲಗೆಯ ಮೂತಿಗೆ ಒಂದು ಹಗ್ಗ, ಹಿಡಿದುಕೊಂಡು ಜಾರುವುದು, ಅಷ್ಟೇ. ಕಾಲು ಕಟ್ಟುವ ಪಟ್ಟಿಯೂ ಇರಲಿಲ್ಲ. ಆಟಿಕೆಯಾಗಿ ಲಕ್ಷಗಟ್ಟಲೆ ಮಾರಾಟವಾಯಿತು, ಅದರದ್ದೇ ಸ್ಪರ್ಧೆಗಳೂ ನಡೆದವು. 1979ರಲ್ಲಿ ಮಿಷಿಗನ್‌ನ ಅಂಥದೊಂದು ಸ್ಪರ್ಧೆಗೆ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬ ಯುವಕ ವರ್ಮಾಂಟ್‌ನಿಂದ ತಾನೇ ಮಾಡಿದ ಹಲಗೆ ತಂದ. ಅದರಲ್ಲಿ ಕಾಲು ಬಿಗಿಯುವ ಪಟ್ಟಿ ಇತ್ತು. ಇದು ನಮ್ಮ ಹಲಗೆ ಅಲ್ಲ ಎಂದು ತಕರಾರು ಎದ್ದಿತು. ಕೊನೆಗೆ ಅವನಿಗಾಗಿ ಬೇರೆ ವಿಭಾಗವೊಂದನ್ನೇ ತೆರೆದರು. ಅವನು ಎರಡು ವರ್ಷ ಮೊದಲೇ ಕಟ್ಟಿದ್ದ ಬರ್ಟನ್ ಕಂಪನಿ ಇವತ್ತಿಗೂ ಈ ಧಂಧೆಯ ದೊಡ್ಡ ಹೆಸರು. ಅದೇ ಕಾಲಕ್ಕೆ ಟಾಮ್ ಸಿಮ್ಸ್ ಎಂಬ ಸ್ಕೇಟ್‌ಬೋರ್ಡ್ ಆಟಗಾರ ಕೂಡ ಹಲಗೆ ತಯಾರಿಸುತ್ತಿದ್ದ. ಬೀದಿಯ ಸ್ಕೇಟ್‌ಬೋರ್ಡಿನ ಠೀವಿ ಹಿಮಕ್ಕೆ ಹತ್ತಿದ್ದು ಇಂಥವರ ಮೂಲಕವೇ.

ಸ್ಕೀ ರೆಸಾರ್ಟುಗಳಿಗೆ ಈ ಠೀವಿ ಹಿಡಿಸಲಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಬಹಳಷ್ಟು ರೆಸಾರ್ಟುಗಳು ಹಲಗೆಯವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿಗೇ ಹತ್ತಿಸುತ್ತಿರಲಿಲ್ಲ. ಸ್ಕೀಯವರು ದುಡ್ಡಿರುವ ಸಂಸಾರಸ್ಥರು, ಇವರು ದೊಗಳೆ ಪ್ಯಾಂಟಿನ ಹುಡುಗರು. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಯೂಟಾದ ಆಲ್ಟಾ, ಡಿಯರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್, ಈ ಮೂರು ಕಡೆ ಇವತ್ತಿಗೂ ಸ್ನೋಬೋರ್ಡಿಗೆ ಪ್ರವೇಶವಿಲ್ಲ. ಆಲ್ಟಾ ವಿರುದ್ಧ 2014ರಲ್ಲಿ ಕೆಲವರು ಕೋರ್ಟಿಗೂ ಹೋದರು. ಕೇಸು ನಿಲ್ಲಲಿಲ್ಲ. ಉಳಿದ ರೆಸಾರ್ಟುಗಳು ಬಾಗಿಲು ತೆರೆದದ್ದು ಮನಸ್ಸು ಕರಗಿ ಅಂತ ನನಗೆ ಅನ್ನಿಸುವುದಿಲ್ಲ. ಹೊಸ ಗಿರಾಕಿಗಳು ಬೇಕಾಗಿದ್ದರು.

ಸ್ಪರ್ಧೆಯ ಕಥೆ ಇನ್ನೂ ಸ್ವಾರಸ್ಯ. ಹಲಗೆಯವರು ತಮ್ಮದೇ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡು ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದ್ದರು. ಒಲಿಂಪಿಕ್ ಸಮಿತಿ ಸ್ನೋಬೋರ್ಡನ್ನು ಒಳಗೆ ಬಿಟ್ಟುಕೊಳ್ಳುವಾಗ ಕೀಲಿಕೈ ಕೊಟ್ಟದ್ದು ಇವರಿಗಲ್ಲ, 1924ರಲ್ಲಿ ಹುಟ್ಟಿದ್ದ ಸ್ಕೀ ಒಕ್ಕೂಟಕ್ಕೆ. ನಿನ್ನೆಯವರೆಗೆ ಲಿಫ್ಟಿನಿಂದ ಇಳಿಸುತ್ತಿದ್ದ ಸ್ಕೀ ಲೋಕದ ಕೈಗೇ ಇಂದು ಯಜಮಾನಿಕೆ. ಆ ಕಾಲದ ಅತ್ಯುತ್ತಮ ಹಾಫ್‌ಪೈಪ್ ಆಟಗಾರ ಎಂದು ಬಹಳ ಮಂದಿ ಒಪ್ಪುತ್ತಿದ್ದ ನಾರ್ವೆಯ ಟೇರ್ಯೆ ಹಾಕನ್ಸನ್ ನಾಗಾನೊಗೆ ಹೋಗಲೇ ಇಲ್ಲ, ಬಹಿಷ್ಕರಿಸಿದ. ಹೋದವರಲ್ಲಿ ಕೆನಡಾದ ರಾಸ್ ರೆಬಾಲ್ಯಾಟಿ ಮೊದಲ ಚಿನ್ನ ಗೆದ್ದ. ಕೆಲವೇ ದಿನಗಳಲ್ಲಿ ಅವನ ಮೂತ್ರದಲ್ಲಿ ಗಾಂಜಾ ಅಂಶ ಸಿಕ್ಕಿತೆಂದು ಪದಕ ಕಿತ್ತುಕೊಂಡರು. ಗಾಂಜಾ ಆಗ ನಿಷೇಧಿತ ಪಟ್ಟಿಯಲ್ಲೇ ಇಲ್ಲ ಎಂದು ಮೇಲ್ಮನವಿಯಲ್ಲಿ ತೀರ್ಮಾನವಾಗಿ ವಾಪಸ್ ಕೊಟ್ಟರು. ಈ ಆಟಕ್ಕೆ ಜಗತ್ತಿನ ತುಂಬ ಇಷ್ಟು ಪ್ರಚಾರ ಯಾವ ಕಂಪನಿಯೂ ದುಡ್ಡು ಕೊಟ್ಟು ಕೊಳ್ಳಲಾರದು. ಆಟಗಾರರ ಒಕ್ಕೂಟ ಮಾತ್ರ 2002ರಲ್ಲಿ ಬಾಗಿಲು ಹಾಕಿತು. ಸ್ಕೀ ಒಕ್ಕೂಟ ತನ್ನ ಹೆಸರಿನಲ್ಲಿ ಸ್ನೋಬೋರ್ಡನ್ನು ಸೇರಿಸಿಕೊಂಡದ್ದು 2022ರಲ್ಲಿ.

ಒಲಿಂಪಿಕ್ಸ್ ಒಂದೇ ಈ ಆಟವನ್ನು ದೊಡ್ಡದು ಮಾಡಲಿಲ್ಲ. ಇಎಸ್‌ಪಿಎನ್ ಚಾನೆಲ್ 1997ರಲ್ಲಿ ಕ್ಯಾಲಿಫೋರ್ನಿಯಾದ ಸ್ನೋ ಸಮ್ಮಿಟ್‌ನಲ್ಲಿ ಚಳಿಗಾಲದ ಎಕ್ಸ್ ಗೇಮ್ಸ್ ಆರಂಭಿಸಿತು. ಟಿ.ವಿ.ಗಾಗಿಯೇ ಹೊಲಿದ ಸ್ಪರ್ಧೆ ಅದು. ರಾತ್ರಿ ದೀಪದ ಬೆಳಕು, ಸಂಗೀತ, ಅರ್ಧ ನಿಮಿಷದ ಓಟ, ತಕ್ಷಣ ರೀಪ್ಲೇ. ಒಲಿಂಪಿಕ್ಸ್ ಅಲ್ಲಿಂದ ಕಲಿಯಿತು. ಸ್ಲೋಪ್‌ಸ್ಟೈಲ್ 2014ರಲ್ಲಿ, ಬಿಗ್ ಏರ್ 2018ರಲ್ಲಿ ಒಳಗೆ ಬಂದವು. ಬೀಜಿಂಗ್‌ನಲ್ಲಂತೂ ಬಿಗ್ ಏರ್‌ನ ಇಳಿಜಾರನ್ನು ಕಟ್ಟಿದ್ದು ಬೆಟ್ಟದಲ್ಲಲ್ಲ, ಊರೊಳಗೆ, ಮುಚ್ಚಿದ ಉಕ್ಕಿನ ಕಾರ್ಖಾನೆಯ ಆವರಣದಲ್ಲಿ. ಹಿಂದೆ ಕೂಲಿಂಗ್ ಟವರುಗಳು, ಮುಂದೆ ಹಾರುವ ಮಕ್ಕಳು.

ಈಗ ಒಂದು ಸ್ಪರ್ಧೆಯನ್ನು ಹತ್ತಿರದಿಂದ ನೋಡೋಣ. 2022ರ ಫೆಬ್ರುವರಿ 11, ಪುರುಷರ ಹಾಫ್‌ಪೈಪ್ ಫೈನಲ್. ಹಾಫ್‌ಪೈಪ್ ಎಂದರೆ ಇಳಿಜಾರಿನಲ್ಲಿ ಉದ್ದಕ್ಕೆ ಕೊರೆದ ಹಿಮದ ಕಾಲುವೆ. ಎರಡೂ ಬದಿಯ ಗೋಡೆ ಸುಮಾರು 22 ಅಡಿ, ಹೆಚ್ಚುಕಡಿಮೆ ಎರಡು ಅಂತಸ್ತಿನ ಮನೆಯಷ್ಟು. ಗೋಡೆ ಮೆತ್ತಗಿರುವುದಿಲ್ಲ, ಮಂಜುಗಡ್ಡೆಯಂತೆ ಗಟ್ಟಿ. ಆಟಗಾರ ಈ ಗೋಡೆಯಿಂದ ಆ ಗೋಡೆಗೆ ಜಾರುತ್ತಾ, ಪ್ರತಿ ಸಲ ಅಂಚು ದಾಟಿ ಮೇಲಕ್ಕೆ ಹಾರಿ, ತಿರುಗಿ, ಅದೇ ಗೋಡೆಗೆ ವಾಪಸ್ ಇಳಿಯಬೇಕು. ಒಂದು ಓಟಕ್ಕೆ ಐದಾರು ಹಾರಾಟ. ಒಂದರಲ್ಲಿ ವೇಗ ಕಳೆದುಕೊಂಡರೆ ಮುಂದಿನದಕ್ಕೆ ಎತ್ತರ ಸಿಗದು. ಮೂರು ಅವಕಾಶ, ಅತ್ಯುತ್ತಮವಾದ ಒಂದೇ ಲೆಕ್ಕಕ್ಕೆ.

ಜಪಾನಿನ ಅಯುಮು ಹಿರಾನೊ ಅವತ್ತು ಟ್ರಿಪಲ್ ಕಾರ್ಕ್ 1440 ಎಂಬ ಕಸರತ್ತನ್ನೇ ನಂಬಿ ಬಂದಿದ್ದ. ಓರೆಯಾಗಿ ಮೂರು ಲಾಗ, ಜೊತೆಗೆ ಒಟ್ಟು ನಾಲ್ಕು ಸುತ್ತು. 360 ಡಿಗ್ರಿಗೆ ಒಂದು ಸುತ್ತಾದರೆ 1440ಕ್ಕೆ ನಾಲ್ಕು, ಸಂಖ್ಯೆಯ ಗುಟ್ಟು ಅಷ್ಟೇ. ಮೊದಲ ಓಟದಲ್ಲಿ ಅದನ್ನು ದಾಟಿಸಿದ, ಆದರೆ ಆಮೇಲೆ ಜಾರಿ ಬಿದ್ದ. ಎರಡನೆಯದರಲ್ಲಿ ಬೀಳದೆ ಮುಗಿಸಿದ. 91.75 ಕೊಟ್ಟರು. ಆಸ್ಟ್ರೇಲಿಯಾದ ಸ್ಕಾಟಿ ಜೇಮ್ಸ್ 92.50 ಪಡೆದು ಮುಂದಿದ್ದ. ಹಿರಾನೊಗೆ ಅಂಕ ಕಡಿಮೆಯಾಯಿತೆಂದು ಸಾಮಾಜಿಕ ಜಾಲತಾಣಗಳೆಲ್ಲ ಹೊತ್ತಿಕೊಂಡವು, ಕಾಮೆಂಟರಿಯವರೇ ಕೂಗಾಡಿದರು. ಹಿರಾನೊ ಸದ್ದಿಲ್ಲದೆ ಮತ್ತೆ ಮೇಲೆ ಹೋದ. ಮೂರನೆಯ ಓಟದಲ್ಲಿ ಅದೇ ಕಸರತ್ತು, ಇನ್ನೂ ಚೊಕ್ಕವಾಗಿ. 96. ಸ್ನೋಬೋರ್ಡಿನಲ್ಲಿ ಜಪಾನಿಗೆ ಅದು ಮೊದಲ ಒಲಿಂಪಿಕ್ ಚಿನ್ನ. ಮೂರು ಸಲ ಚಿನ್ನ ಗೆದ್ದಿದ್ದ ಷಾನ್ ವೈಟ್‌ಗೆ ಅದೇ ಕೊನೆಯ ಸ್ಪರ್ಧೆ, ನಾಲ್ಕನೆಯವನಾದ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೈ ಎತ್ತಿದರು. ತೋಟಗಾರರು, ನಮ್ಮೂರ ಮೋಟಾರ್ ರ‍್ಯಾಲಿಗಳನ್ನು ತಪ್ಪದೆ ನೋಡಿದವರು. "ಏನ್ ಸಾರ್ ಇದು, ಗಡಿಯಾರ ಇಲ್ಲ, ಫಿನಿಷಿಂಗ್ ಲೈನ್ ಇಲ್ಲ. ಯಾರೋ ಕೂತು ಮಾರ್ಕ್ಸ್ ಹಾಕೋದು. ಇದನ್ನ ಆಟ ಅಂತ ಹೆಂಗೆ ಒಪ್ಪೋದು?"

ಒಳ್ಳೆಯ ಪ್ರಶ್ನೆ. ಹಾಫ್‌ಪೈಪ್‌ನಲ್ಲಿ ಆರು ಜನ ಅಂಕ ಹಾಕುತ್ತಾರೆ, ಅತಿ ಹೆಚ್ಚಿನದ್ದು ಅತಿ ಕಡಿಮೆಯದ್ದು ಬಿಟ್ಟು ಉಳಿದ ನಾಲ್ಕರ ಸರಾಸರಿ. ಆದರೂ ತಪ್ಪಾಗುತ್ತದೆ. ಅದೇ ಬೀಜಿಂಗ್‌ನಲ್ಲಿ ಸ್ಲೋಪ್‌ಸ್ಟೈಲ್ ಚಿನ್ನ ಗೆದ್ದ ಕೆನಡಾದ ಮ್ಯಾಕ್ಸ್ ಪ್ಯಾರಟ್ ಒಂದು ಹಾರಾಟದಲ್ಲಿ ಹಲಗೆ ಹಿಡಿಯುವ ಬದಲು ಮಂಡಿ ಹಿಡಿದದ್ದು ಅಂಪೈರುಗಳ ಕಣ್ಣಿಗೆ ಬೀಳಲೇ ಇಲ್ಲ. ಫಿನಿಷಿಂಗ್ ಲೈನಿನದ್ದೇ ನ್ಯಾಯ ಬೇಕೆಂದರೆ ಸ್ನೋಬೋರ್ಡ್ ಕ್ರಾಸ್ ನೋಡಿ ಎಂದೆ. ಅಲ್ಲೂ ನ್ಯಾಯ ಅಷ್ಟು ಸಲೀಸಲ್ಲ. 2006ರಲ್ಲಿ ಅಮೆರಿಕದ ಲಿಂಡ್ಸೆ ಜೇಕೊಬೆಲಿಸ್ ಎಲ್ಲರಿಗಿಂತ ಬಹಳ ಮುಂದಿದ್ದಳು. ಗೆರೆ ಹತ್ತಿರವಿರುವಾಗ ಖುಷಿಗೆ ಗಾಳಿಯಲ್ಲಿ ಹಲಗೆ ಹಿಡಿದು ಬೀಗಲು ಹೋಗಿ ಬಿದ್ದಳು. ಚಿನ್ನ ಸ್ವಿಟ್ಜರ್ಲೆಂಡಿನ ತಾನ್ಯಾ ಫ್ರೀಡನ್ ಪಾಲಾಯಿತು. ಜೇಕೊಬೆಲಿಸ್‌ಗೆ ಚಿನ್ನ ಸಿಕ್ಕಿದ್ದು 16 ವರ್ಷದ ನಂತರ, 36ರ ವಯಸ್ಸಿನಲ್ಲಿ. ಅದೇ ಕೂಟದಲ್ಲಿ ಮಿಶ್ರ ತಂಡದಲ್ಲಿ ಇನ್ನೊಂದೂ ಬಂತು. ಅಂಕದ ಸ್ಪರ್ಧೆ ಜನಪ್ರಿಯವಾಗಿರುವುದೇ ವಾದ ಮಾಡಲು ಜಾಗ ಇರುವುದರಿಂದ ಎಂದು ನಾನು ನಂಬಿದ್ದೇನೆ. ಹಿರಿಯರು ಒಪ್ಪಲಿಲ್ಲ. "ಸ್ಟಾಪ್‌ವಾಚ್ ಸುಳ್ಳು ಹೇಳಲ್ಲ" ಅಂದರು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಗೆಲ್ಲುವುದಕ್ಕೆ ಬೆಟ್ಟ ಬೇಕು, ಹಿಮ ಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ದಾಖಲೆ ಬೇರೆಯೇ ಹೇಳುತ್ತದೆ. 2010ರ ಮಹಿಳೆಯರ ಪ್ಯಾರಲಲ್ ಜೈಂಟ್ ಸ್ಲಾಲಂ ಚಿನ್ನ ಹೋದದ್ದು ನೆದರ್ಲೆಂಡ್ಸ್‌ನ ನಿಕೊಲೀನ್ ಸೌರ್‌ಬ್ರೈಗೆ. ಬೆಟ್ಟವೆಂಬುದೇ ಇಲ್ಲದ, ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನ ದೇಶ. 2023ರಲ್ಲಿ ಜಾರ್ಜಿಯಾದ ಬಕುರಿಯಾನಿಯಲ್ಲಿ ಸ್ಲೋಪ್‌ಸ್ಟೈಲ್ ವಿಶ್ವ ಚಾಂಪಿಯನ್ ಆದವಳು ಇಂಗ್ಲೆಂಡಿನ ಮಿಯಾ ಬ್ರೂಕ್ಸ್, 16 ವರ್ಷದ ಹುಡುಗಿ. ಇಂಗ್ಲೆಂಡಿನ ಮಕ್ಕಳು ಹಲಗೆ ಕಲಿಯುವುದು ಬಹುಪಾಲು ಹಿಮದ ಬೆಟ್ಟದಲ್ಲಲ್ಲ, ಬ್ರಷ್‌ನಂಥ ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ, ಇಲ್ಲವೇ ಫ್ರಿಜ್ಜಿನಂತೆ ತಣ್ಣಗಿರುವ ದೊಡ್ಡ ಶೆಡ್ಡಿನೊಳಗೆ. ಜಪಾನಿನಲ್ಲಿ ಹಿಮಕ್ಕೆ ಬರವಿಲ್ಲ. ಆದರೂ ಅಲ್ಲಿನ ಹುಡುಗರು ಈಗ ಎಲ್ಲರನ್ನೂ ಹಿಂದಿಕ್ಕುತ್ತಿರುವುದು ಏರ್‌ಬ್ಯಾಗ್ ಇರುವ ತರಬೇತಿ ಕೇಂದ್ರಗಳಿಂದ. ಬೇಸಿಗೆಯ ಬಿಸಿಲಲ್ಲಿ ಪ್ಲಾಸ್ಟಿಕ್ ಇಳಿಜಾರಿನಿಂದ ಹಾರಿ, ಗಾಳಿ ತುಂಬಿದ ದೊಡ್ಡ ಚೀಲದ ಮೇಲೆ ಬೀಳುತ್ತಾರೆ, ಎದ್ದು ಮತ್ತೆ ಹಾರುತ್ತಾರೆ. ವರ್ಷಪೂರ್ತಿ. 2025ರ ಎಕ್ಸ್ ಗೇಮ್ಸ್‌ನಲ್ಲಿ ಹಿರೊಟೊ ಒಗಿವಾರಾ ಎಂಬ ಜಪಾನಿ ಹುಡುಗ 2340 ಮಾಡಿ ನಿಂತ. ಆರೂವರೆ ಸುತ್ತು! ಸ್ಪರ್ಧೆಯಲ್ಲಿ ಅದು ಮೊದಲನೆಯದು.

ಚೀಲದ ಮಹತ್ವ ತಿಳಿಯಲು ಇನ್ನೊಂದು ದಿನ ನೆನೆಯಬೇಕು. 2009ರ ಡಿಸೆಂಬರ್ 31ರಂದು ಅಮೆರಿಕದ ಕೆವಿನ್ ಪಿಯರ್ಸ್ ಒಲಿಂಪಿಕ್ಸ್‌ಗೆ ತಯಾರಾಗುತ್ತಾ ಪಾರ್ಕ್ ಸಿಟಿಯ ಹಾಫ್‌ಪೈಪ್‌ನಲ್ಲಿ ಬಿದ್ದು ಮೆದುಳಿಗೆ ಭಾರೀ ಪೆಟ್ಟು ಮಾಡಿಕೊಂಡ. ಬದುಕಿದ, ಸ್ಪರ್ಧೆ ಅಲ್ಲಿಗೇ ನಿಂತಿತು. ಸುತ್ತು ಹೆಚ್ಚಿದಂತೆ ಬೆಲೆಯೂ ಹೆಚ್ಚುತ್ತದೆ. ಚೀಲ ಇರುವ ದೇಶ ಆ ಬೆಲೆಯನ್ನು ಸ್ವಲ್ಪ ಇಳಿಸಿಕೊಳ್ಳುತ್ತದೆ.

ಚೀನಾದ್ದು ಇನ್ನೂ ಸ್ಪಷ್ಟ ಉದಾಹರಣೆ. ಒಲಿಂಪಿಕ್ಸ್ ಬೇಕೆಂದು ಕೇಳುವಾಗಲೇ, 30 ಕೋಟಿ ಜನರನ್ನು ಹಿಮದ ಆಟಗಳತ್ತ ತರುತ್ತೇವೆ ಎಂದು ಆ ಸರ್ಕಾರ ಘೋಷಿಸಿತ್ತು. 30 ಕೋಟಿ ಎಂಬ ಮಾತನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಒಮ್ಮೆ ಐಸ್ ಮೇಲೆ ಜಾರಿ ಬಿದ್ದವನನ್ನೂ ಸೇರಿಸಿ ಎಣಿಸಿದರೆ ಏನು ಅರ್ಥ? ಆದರೆ ಅದರ ಹಿಂದೆ ಹರಿದ ದುಡ್ಡು ನಿಜ. ಬಾಲನಟನಾಗಿದ್ದ ಸು ಯಿಮಿಂಗ್ 18 ತುಂಬಲು ಮೂರು ದಿನ ಇರುವಾಗ ಬಿಗ್ ಏರ್ ಚಿನ್ನ ಗೆದ್ದ. ಅವನ ಕೋಚ್ ಯಾಸುಹಿರೊ ಸಾಟೊ, ಜಪಾನಿನವರು. ಇಳಿಜಾರು, ಕೋಚ್, ಸಮಯ, ಇವನ್ನು ಯಾರಾದರೂ ಕೊಂಡು ತಂದು ಜೋಡಿಸಿದರೆ ಹತ್ತು ವರ್ಷದಲ್ಲಿ ಚಾಂಪಿಯನ್ ಬರುತ್ತಾನೆ.

ಕೊನೆಗೆ ಹಿಮವನ್ನೂ ಕೊಳ್ಳಬಹುದು. ಹೂಮಳೆ ಕೈಕೊಟ್ಟ ವರ್ಷ ನೀವು ಕೆರೆಗೆ ಮೋಟಾರು ಇಳಿಸಿ, ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ಗಿಡಕ್ಕೆ ಹೂ ಬಿಡಿಸುತ್ತೀರಲ್ಲ, ಅದೇ ಕೆಲಸ. ಕೊಳದ ನೀರನ್ನು ಒತ್ತಡದಲ್ಲಿ ಸಣ್ಣ ಹನಿಯಾಗಿ ಚಿಮ್ಮಿಸಿದರೆ ಚಳಿಗೆ ಗಾಳಿಯಲ್ಲೇ ಹೆಪ್ಪುಗಟ್ಟಿ ಕೆಳಗೆ ಬೀಳುತ್ತದೆ. ಬೀಜಿಂಗ್ ಕೂಟ ನಡೆದದ್ದು ಹೆಚ್ಚುಕಡಿಮೆ ಪೂರ್ತಿ ಇಂಥ ಹಿಮದ ಮೇಲೆ. ಇದಕ್ಕೂ ಒಂದು ಮಿತಿ ಇದೆ, ಗಾಳಿ ಬಿಸಿಯಾದರೆ ಯಂತ್ರವೂ ಕೈಚೆಲ್ಲುತ್ತದೆ. 2010ರಲ್ಲಿ ವ್ಯಾಂಕೂವರ್‌ನ ಸೈಪ್ರೆಸ್ ಬೆಟ್ಟದಲ್ಲಿ ಹಾಗೇ ಆಯಿತು. ಲಾರಿಯಲ್ಲಿ, ಹೆಲಿಕಾಪ್ಟರಿನಲ್ಲಿ ಹಿಮ ಹೊತ್ತು ತಂದರು. ಅಡಿಯಲ್ಲಿ ಹುಲ್ಲಿನ ಪೆಂಡಿಗಳನ್ನು ಜೋಡಿಸಿ ಮೇಲೆ ಹಿಮ ಹರಡಿದರು. ಟಿ.ವಿ.ಯಲ್ಲಿ ಎಲ್ಲ ಬೆಳ್ಳಗೇ ಕಾಣುತ್ತಿತ್ತು.

ಈ ಖರ್ಚು ಆಡುವವನ ಜೇಬಿನಿಂದಲೂ ಹೋಗುತ್ತದೆ. ಅಮೆರಿಕದ ವೇಲ್‌ನಂಥ ರೆಸಾರ್ಟಿನಲ್ಲಿ ಜನದಟ್ಟಣೆಯ ದಿನ ಕೌಂಟರಿನಲ್ಲಿ ಒಂದು ದಿನದ ಲಿಫ್ಟ್ ಟಿಕೆಟ್ ಕೊಂಡರೆ 300 ಡಾಲರ್ ದಾಟುತ್ತದೆ. ಫುಟ್‌ಬಾಲು ಬಡವರ ಕೇರಿಯಿಂದ ಚಾಂಪಿಯನ್ನರನ್ನು ತಂದಿದೆ. ಸ್ನೋಬೋರ್ಡ್ ಆ ಕೆಲಸ ಮಾಡಿಲ್ಲ, ಇವತ್ತಿನ ರೂಪದಲ್ಲಿ ಮಾಡಲಾರದು ಕೂಡ. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು.

ಹಾಗಾದರೆ ಭಾರತ? ಗುಲ್‌ಮಾರ್ಗ್‌ನ ಹಿಮಕ್ಕಾಗಿ ಹೊರದೇಶದವರು ಹಲಗೆ ಹೊತ್ತು ಬರುತ್ತಾರೆ. ಅಫರ್ವಟ್ ಬೆಟ್ಟಕ್ಕೆ ಎರಡು ಹಂತದ ಗೊಂಡೊಲಾ, ಅಂದರೆ ರೋಪ್‌ವೇ ಇದೆ. ಉತ್ತರಾಖಂಡದಲ್ಲಿ ಔಲಿ ಇದೆ. 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದೆ, ಅದರಲ್ಲಿ ಸ್ನೋಬೋರ್ಡೂ ಇದೆ. ಆದರೂ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಗೆ ಇಳಿದ ಭಾರತೀಯರು ಇದುವರೆಗೆ ಒಬ್ಬರೂ ಇಲ್ಲ. ಹಿಮಾಲಯವೇ ಇರುವ ದೇಶದಿಂದ ಸೊನ್ನೆ, ಬೆಟ್ಟವಿಲ್ಲದ ನೆದರ್ಲೆಂಡ್ಸ್‌ಗೆ ಚಿನ್ನ.

ಕೊನೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮ ಕಡೆಯೋರು ಯಾರಾದ್ರೂ ಹಿಮದ ಆಟಕ್ಕೆ ಹೋಗಿದ್ದಾರಾ? ಹೋಗ್ಬೇಕು ಅಂದ್ರೆ ಏನ್ ಮಾಡ್ಬೇಕು?"

ಹೋಗಿದ್ದಾರಮ್ಮ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅಂತ. ಸ್ನೋಬೋರ್ಡ್ ಅಲ್ಲ, ನಾರ್ಡಿಕ್ ಸ್ಕೀ, ಅಂದರೆ ಹಿಮದ ಮೇಲಿನ ದೂರದ ಓಟ. ಖೇಲೋ ಇಂಡಿಯಾದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಕಾಫಿ ನಾಡಿನಿಂದ ಹೋದವರು ಆರಿಸಿಕೊಂಡದ್ದು ಎಂಥ ಆಟ ಅನ್ನುವುದನ್ನು ಗಮನಿಸು. ನಾರ್ಡಿಕ್‌ಗೆ ಬೇಕಾದದ್ದು ಎದೆಯ ದಮ್ಮು, ತೊಡೆಯ ಬಲ. ಬೆಟ್ಟ ಹತ್ತಿ ಅಭ್ಯಾಸವಿರುವವರಿಗೆ ಅರ್ಧ ಬಂಡವಾಳ ಮೊದಲೇ ಇರುತ್ತದೆ. ಹಾಫ್‌ಪೈಪ್‌ಗೆ ಚಿಕ್ಕಂದಿನಿಂದ ಪೈಪೇ ಬೇಕು, ಇಲ್ಲವೇ ಚೀಲ ಬೇಕು. ನಿನಗೆ ಹಲಗೆಯೇ ಬೇಕೆಂದಿದ್ದರೆ ಮೊದಲು ಸ್ಕೇಟ್‌ಬೋರ್ಡ್ ಹತ್ತು. ಹಿರಾನೊ ಕೂಡ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡ್ ಆಡಿ, ಆರು ತಿಂಗಳಿಗೆ ಬೀಜಿಂಗ್‌ನಲ್ಲಿ ಹಿಮಕ್ಕೆ ಇಳಿದವನು. ಗುಲ್‌ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಚಳಿಗಾಲದಲ್ಲಿ ಹೊಸಬರಿಗೆ ಕೋರ್ಸ್ ನಡೆಸುತ್ತದೆ. ಹಿಮದ ಮೇಲೆ ಬೀಳುವುದು, ಏಳುವುದು ಅಲ್ಲಿ ಕಲಿಯಬಹುದು. ಪರೀಕ್ಷೆ ಮುಗಿಸಿಕೊಂಡು ಮನೆಯಲ್ಲಿ ಮಾತಾಡು. ಅಪ್ಪ ಅಮ್ಮ ಮೊದಲು ಕೇಳುವುದು ಖರ್ಚಿನ ಬಗ್ಗೆ, ಆ ಲೆಕ್ಕವನ್ನು ಬರೆದಿಟ್ಟುಕೊಂಡೇ ಹೋಗು.